ಕೆಟ್ಟಿಲ್ಲ, ಕಟ್ಟಿಕೊಂಡಿದೆ

ಅಟ್ಟದಿಂದ ಇಳಿಸಿದ ಹೊಲಿಗೆ ಮಿಷನ್ನಿನ ಚಕ್ರ ತಿರುಗದಿದ್ದರೆ ಮನೆಯವರಿಗೆ ಮೊದಲು ನೆನಪಾಗುವುದು ಗುಜರಿಯವನು. ಇಲ್ಲವೇ ಬೀಡಿನ ಸ್ಟ್ಯಾಂಡಿನ ಮೇಲೆ ಗಾಜು ಹಾಸಿ ಟೀಪಾಯಿ ಮಾಡುತ್ತಾರೆ. ಕೆಫೆಗಳಲ್ಲಿ ಅಂಥ ಟೇಬಲ್ ಕಂಡಾಗಲೆಲ್ಲ, ಇದರ ಮೇಲಿದ್ದ ಹೆಡ್, ಅಂದರೆ ಹೊಲಿಯುವ ಯಂತ್ರ, ಎಲ್ಲಿ ಹೋಯಿತೆಂದು ಕೇಳುವ ಮನಸ್ಸಾಗುತ್ತದೆ.

ಇಂಥ ಹೆಡ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದೇ ಇಲ್ಲ. ಒಳಗಿನ ಎಣ್ಣೆ ಒಣಗಿ ಮೇಣದಂತಾಗಿರುತ್ತದೆ, ಅಷ್ಟೆ. ಮಿಷನ್ ಎಣ್ಣೆ ಮುಗಿದ ದಿನ ಯಾರೋ ಬಿಟ್ಟ ಕೊಬ್ಬರಿ ಎಣ್ಣೆಗೂ ಇದರಲ್ಲಿ ಪಾಲಿದೆ: ಚಳಿಗೆ ಹೆಪ್ಪುಗಟ್ಟುತ್ತದೆ, ಧೂಳು ಹಿಡಿಯುತ್ತದೆ. ಮದ್ದು ಸೀಮೆಎಣ್ಣೆ. ಎಣ್ಣೆ ಬಿಡುವ ತೂತುಗಳಿಗೂ ಲೋಹಕ್ಕೆ ಲೋಹ ಉಜ್ಜುವ ಕಡೆಗಳಿಗೂ ಹನಿಹನಿಯಾಗಿ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಬೇಕು. ಮರುದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಅಲ್ಲಾಡಿಸಬೇಕು. ಸುತ್ತಿಗೆ, ಇಕ್ಕಳಗಳ ಬಲಪ್ರಯೋಗ ಖಂಡಿತ ಬೇಡ. ಬಿಡದಿದ್ದರೆ ಮತ್ತೆ ಸೀಮೆಎಣ್ಣೆ, ಮತ್ತೆ ಒಂದು ರಾತ್ರಿ. ಸಡಿಲವಾದ ಮೇಲೆ ಕೊಳೆಯನ್ನೆಲ್ಲ ಒರೆಸಿ ಮಿಷನ್ ಎಣ್ಣೆ ಹಾಕಲೇಬೇಕು. ಸೀಮೆಎಣ್ಣೆ ತೊಳೆಯುತ್ತದೆ, ಸವೆತ ತಡೆಯುವುದಿಲ್ಲ.

ಚಕ್ರ ಸಲೀಸಾಗಿ ತಿರುಗಿಯೂ ಸೂಜಿ ಕದಲದಿದ್ದರೆ ಚಕ್ರದ ನಡುವಿನ ತಿರುಪನ್ನು ನೋಡಿ. ಬಾಬಿನ್‌ಗೆ ದಾರ ಸುತ್ತುವಾಗ ಸಡಿಲಿಸಿದ್ದನ್ನು ಬಿಗಿ ಮಾಡಲು ಮರೆತಿರಬಹುದು. ಸೂಜಿಯ ಕೆಳಗೆ, ಬಾಬಿನ್ ಹಿಡಿಯುವ ಶಟಲ್ ಕೂರುವ ಜಾಗದಲ್ಲಿ ಹಳೆಯ ದಾರದ ತುಣುಕು ಸಿಕ್ಕಿಕೊಂಡು ಇಡೀ ಮಿಷನ್ನನ್ನೇ ನಿಲ್ಲಿಸುವುದೂ ಉಂಟು. ಸೂಜಿ ಹೊಸದನ್ನೇ ಹಾಕಿ. ಅದರ ಚಪ್ಪಟೆ ಬದಿ ಶಟಲ್ಲಿನ ಕಡೆಗಿರಬೇಕು, ತಿರುವುಮುರುವಾದರೆ ಹೊಲಿಗೆ ಬೀಳದು.

ಹೊಳಪಿನ ಹುಚ್ಚು ತುಕ್ಕಿಗಿಂತ ಅಪಾಯಕಾರಿ. ಕಪ್ಪು ಮೈಮೇಲಿನ ಬಂಗಾರದ ಬಳ್ಳಿಗಳನ್ನು ಕಾಯುವುದು ತೆಳುವಾದ ಅರಗಿನ ಪದರ. ಸ್ಪಿರಿಟ್ ಅದನ್ನು ಕರಗಿಸುತ್ತದೆ. ಸೋಪಿನ ನೀರಿಗೆ ಬಂಗಾರ ಬೆಳ್ಳಗಾಗುತ್ತದೆ. ಮಿಷನ್ ಎಣ್ಣೆ ಅದ್ದಿದ ಮೆತ್ತನೆಯ ಬಟ್ಟೆ ಸಾಕು. ಬಣ್ಣ ಬಳಿದು ಹೊಸದು ಮಾಡುವವರನ್ನು ನಾನಂತೂ ನಂಬುವುದಿಲ್ಲ.

ಸಿಂಗರ್ ಆಗಿದ್ದರೆ ಅದರ ಹುಟ್ಟೂರನ್ನು ಪತ್ತೆ ಮಾಡಬಹುದು. ತಳಹಲಗೆಯ ಬಲಬದಿಯ ಸಂಖ್ಯೆಯ ಮುಂದೆ 'ಎಫ್' ಅಥವಾ 'ವೈ' ಅಕ್ಷರವೊಂದೇ ಇದ್ದರೆ ಅದು 20ನೇ ಶತಮಾನದ ಮೊದಲರ್ಧದಲ್ಲಿ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ತಯಾರಾದದ್ದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು, ಪಕ್ಕದ ರೈಲು ನಿಲ್ದಾಣದ ಹೆಸರು ಮಾತ್ರ ಇನ್ನೂ 'ಸಿಂಗರ್'. ಯಂತ್ರಗಳನ್ನು ಕಟುವಾಗಿ ಟೀಕಿಸಿದ ಗಾಂಧೀಜಿಯೂ ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟಿದ್ದರು. ಕೋಲ್ಕತ್ತಾದಲ್ಲಿ 1930ರ ದಶಕದಲ್ಲಿ ಹುಟ್ಟಿದ ಉಷಾ ನಮ್ಮ ಮನೆಗಳಿಗೆ ಬಂದದ್ದು ಆಮೇಲೆ.

ಹಳೆಯದನ್ನು ಕೊಳ್ಳುವವರು ಸೂಜಿಯ ಬಳಿಯ ಜಾರು ತಗಡನ್ನು ಸರಿಸಿ ನೋಡಬೇಕು. ಗುಂಡು ಬಾಬಿನ್ ಇದ್ದರೆ ನಿಶ್ಚಿಂತೆ, ಸಿಂಗರ್ 15ರ ಮಾದರಿಯದಾದರೆ ಬಿಡಿಭಾಗಗಳು ಊರಿನ ಅಂಗಡಿಯಲ್ಲೇ ಸಿಗುತ್ತವೆ. ದೋಣಿಯಾಕಾರದ ಶಟಲ್ಲೂ ಉದ್ದ ಬಾಬಿನ್ನೂ ಇರುವಂಥದ್ದಾದರೆ ಅವೆರಡೂ ಜೊತೆಗಿವೆಯೇ ಎಂದು ಮೊದಲು ಕೇಳಿ, ಚೌಕಾಸಿ ಆಮೇಲೆ.