ಹಳೆಯ ವಾಹನಗಳ ಜೀರ್ಣೋದ್ಧಾರ ಮತ್ತು ಘರ್ಷಕ ಕಣಗಳ ಆಯ್ಕೆ

'ಜೀರ್ಣೋದ್ಧಾರ' ಎಂಬ ಪದವನ್ನು ನಾವು ಸಾಮಾನ್ಯವಾಗಿ ಮಠ, ದೇಗುಲ, ಕೆರೆಗಳ ವಿಷಯದಲ್ಲಿ ಬಳಸುತ್ತೇವೆ. ಜೀರ್ಣವಾದುದನ್ನು ಮೇಲೆತ್ತುವುದು ಎಂಬುದೇ ಅದರ ಅರ್ಥ. ಕೆಡವಿ ಹೊಸದನ್ನು ಕಟ್ಟುವುದಲ್ಲ. ಹಳೆಯ ಮೋಟಾರು ಕಾರುಗಳನ್ನು ಪೂರ್ವಸ್ಥಿತಿಗೆ ತರುವ ಕುಶಲಕಾರ್ಯಕ್ಕೂ ಈ ಪದವು ಯಥಾರ್ಥವಾಗಿ ಸಲ್ಲುತ್ತದೆ. ಧರ್ಮಸ್ಥಳದ ವಾಹನ ಸಂಗ್ರಹವನ್ನು ಕಂಡವರಿಗೆ ಅಂಥ ಕಾರ್ಯದ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅದರ ಮೊದಲ ಹೆಜ್ಜೆಯಾದ ತುಕ್ಕು ಹಾಗೂ ಹಳೆಯ ಬಣ್ಣದ ನಿವಾರಣೆಯನ್ನು ಇಲ್ಲಿ ವಿವರಿಸಲಾಗುವುದು.

ಒತ್ತಡಕ್ಕೊಳಪಡಿಸಿದ ಗಾಳಿಯೊಡನೆ ಗಟ್ಟಿಯಾದ ಸಣ್ಣ ಕಣಗಳನ್ನು ವೇಗವಾಗಿ ಚಿಮ್ಮಿಸಿ ಲೋಹದ ಮೇಲ್ಮೈಯನ್ನು ಶುದ್ಧಗೊಳಿಸುವ ವಿಧಾನ ಇಂದು ಪ್ರಚಲಿತವಾಗಿದೆ. ಮರಳನ್ನು ಹೀಗೆ ಚಿಮ್ಮಿಸುವ ವಿಧಾನಕ್ಕೆ 1870ರಲ್ಲಿ ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ಪೇಟೆಂಟ್ ಪಡೆದನು. ಅಂದಿನಿಂದ ಇದಕ್ಕೆ 'ಸ್ಯಾಂಡ್ ಬ್ಲಾಸ್ಟಿಂಗ್' ಎಂಬ ಹೆಸರು ನಿಂತಿತು. ಆದರೆ ಹೆಸರಿನಲ್ಲಿ ಮರಳಿದೆಯೆಂದು ಕೆಲಸಕ್ಕೂ ಮರಳನ್ನೇ ಬಳಸುವುದು ತರವಲ್ಲ.

ಕಣದ ಆಯ್ಕೆಯಲ್ಲಿ ಮುಖ್ಯ ಸೂತ್ರವೊಂದಿದೆ: ತೆಗೆಯಬೇಕಾದ ಕೊಳೆ ಎಷ್ಟು ಗಟ್ಟಿ ಎಂಬುದಕ್ಕಿಂತ, ಉಳಿಯಬೇಕಾದ ಲೋಹ ಎಷ್ಟು ತಾಳಬಲ್ಲದು ಎಂಬುದನ್ನು ಮೊದಲು ನೋಡಬೇಕು. ಕಾರಿನ ಮೈತಗಡು ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ದಪ್ಪವಿರುತ್ತದೆ. ಒರಟು ಕಣಗಳು ಬಲವಾಗಿ ಬಡಿದಾಗ ಬಡಿದ ಮುಖ ಹಿಗ್ಗಿ, ತಗಡು ಸೊಟ್ಟಗಾಗುತ್ತದೆ. ಹೀಗೆ ಉಬ್ಬಿದ ಬಾಗಿಲನ್ನು ಮತ್ತೆ ಸಮಗೊಳಿಸುವುದು ಬಹು ಕಷ್ಟ.

ಕಾಠಿಣ್ಯವನ್ನು ಅಳೆಯುವ ಮೋಸ್ ಮಾನದಲ್ಲಿ ಅಲ್ಯುಮಿನಿಯಂ ಆಕ್ಸೈಡಿನ ಸ್ಥಾನ 9. ಇದು ನಮ್ಮ ಸಾಣೆಯ ಕುರುಂದವೇ. ಆಂಗ್ಲರ 'ಕೊರಂಡಮ್' ಪದವೂ ತಮಿಳಿನ 'ಕುರುಂದಂ' ಎಂಬುದರಿಂದ ಹೋದುದು. ದಪ್ಪವಾದ ಚಾಸಿ, ಆಕ್ಸಲ್‌ಗಳ ಆಳವಾದ ತುಕ್ಕಿಗೆ ಇದು ಯೋಗ್ಯ. ತೆಳುವಾದ ಮೈತಗಡಿಗೆ ಅಪಾಯಕರ. ಗಾರ್ನೆಟ್ ಸುಮಾರು 7ರ ಆಸುಪಾಸಿನದು; ಇದನ್ನೂ ಉಕ್ಕಿನ ಗಟ್ಟಿ ಭಾಗಗಳಿಗೆ ಬಳಸುತ್ತಾರೆ. ಗುಂಡನೆಯ ಗಾಜಿನ ಮಣಿಗಳು ಕೊರೆಯುವುದು ಕಡಿಮೆ, ಹೊಳಪು ನೀಡುವುದು ಹೆಚ್ಚು. ಕಾರ್ಬ್ಯುರೇಟರಿನಂಥ ಅಲ್ಯುಮಿನಿಯಂ ಎರಕದ ಭಾಗಗಳಿಗೆ ಇವು ಒಪ್ಪುತ್ತವೆ. ಆಕ್ರೋಟಿನ ಚಿಪ್ಪಿನ ಪುಡಿ ಹಾಗೂ ಪ್ಲಾಸ್ಟಿಕ್ ಕಣಗಳು ಬಣ್ಣವನ್ನು ತೆಗೆದು ಲೋಹವನ್ನು ಉಳಿಸುತ್ತವೆ.

ಎಲ್ಲಕ್ಕಿಂತ ಮೃದುವಾದುದು ಅಡುಗೆ ಸೋಡ, ಎಂದರೆ ಸೋಡಿಯಂ ಬೈಕಾರ್ಬೊನೇಟ್. ಅದರ ಕಾಠಿಣ್ಯ ಸುಮಾರು 2.5. 1986ರಲ್ಲಿ ಪೂರ್ಣಗೊಂಡ ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ಜೀರ್ಣೋದ್ಧಾರದಲ್ಲಿ, ತೆಳುವಾದ ತಾಮ್ರದ ಒಳಮೈಗೆ ಅಂಟಿದ್ದ ಡಾಂಬರನ್ನು ತಾಮ್ರಕ್ಕೆ ಧಕ್ಕೆಯಾಗದಂತೆ ತೆಗೆದದ್ದು ಈ ಸೋಡದಿಂದಲೇ. ಆದರೆ ಸೋಡವು ಬಣ್ಣವನ್ನು ಬಿಡಿಸುವುದೇ ಹೊರತು ಆಳವಾದ ತುಕ್ಕನ್ನು ತೆಗೆಯದು. ಅದರ ಶೇಷವನ್ನು ಚೆನ್ನಾಗಿ ತೊಳೆಯದಿದ್ದರೆ ಹೊಸ ಬಣ್ಣ ಹಿಡಿಯುವುದಿಲ್ಲ. ಯಾವ ಕಣವಾದರೂ ಮೊದಲು ಕಣ್ಣಿಗೆ ಬೀಳದ ಎಡೆಯಲ್ಲಿ, ಕಡಿಮೆ ಒತ್ತಡದಲ್ಲಿ ಪರೀಕ್ಷಿಸುವುದು ಲೇಸು. ಬೋಳಾದ ಉಕ್ಕು ತೇವಗಾಳಿಗೆ ಕೆಲವೇ ಗಂಟೆಗಳಲ್ಲಿ ಮತ್ತೆ ತುಕ್ಕು ಹಿಡಿಯುವುದರಿಂದ ಪ್ರೈಮರ್ ಬಳಿಯಲು ತಡಮಾಡಬಾರದು.

ಇನ್ನು ಮರಳಿನ ಮಾತು. ಅದು ಅಗ್ಗ, ಎಲ್ಲೆಡೆಯೂ ದೊರೆಯುವಂಥದು. ಆದರೆ ಮರಳು ಒಡೆದು ಹುಟ್ಟುವ ಸೂಕ್ಷ್ಮ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲಸಿ ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಅದನ್ನು ಪೂರ್ತಿ ಗುಣಪಡಿಸುವ ಔಷಧವಿಲ್ಲ. ಬ್ರಿಟನ್ನಿನ 1949ರ ನಿಯಮಗಳು ಕಾರ್ಖಾನೆಗಳಲ್ಲಿ ಇಂಥ ಕೆಲಸಕ್ಕೆ ಮರಳನ್ನು ನಿಷೇಧಿಸಿದವು. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಈ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿತು. ಮೂಗಿಗೆ ಕಟ್ಟಿದ ಬಟ್ಟೆ ಇದನ್ನು ತಡೆಯಲಾರದು. ಬೇರೆ ಕಣಗಳನ್ನು ಬಳಸಿದರೂ ಹಳೆಯ ಬಣ್ಣದಲ್ಲಿರಬಹುದಾದ ಸೀಸದ ಧೂಳು ಏಳುವುದರಿಂದ, ಶುದ್ಧ ಗಾಳಿಯನ್ನು ಒದಗಿಸುವ ಶಿರಸ್ತ್ರಾಣವು ಅವಶ್ಯವೇ ಸರಿ.

ಕಾಯಕವನ್ನು ಪೂಜ್ಯವೆಂದು ಬಗೆದ ಪರಂಪರೆ ನಮ್ಮದು. ಕಾಯಕ ಮಾಡುವವನ ಉಸಿರನ್ನು ಕಳೆದು ಒಂದು ವಾಹನದ ಹೊಳಪನ್ನು ಗಳಿಸುವುದು ಉದ್ಧಾರವಾಗದು. ಆದುದರಿಂದ ಹಳೆಯ ವಾಹನವನ್ನು ಕಾರ್ಯಾಗಾರಕ್ಕೆ ಒಪ್ಪಿಸುವವರು ಯಾವ ಬಣ್ಣ ಬಳಿಯುವಿರಿ ಎಂದು ಕೇಳುವ ಮೊದಲು, ಯಾವ ಕಣ ಬಳಸುವಿರಿ, ಕೆಲಸಗಾರನಿಗೆ ಯಾವ ರಕ್ಷಣೆ ಇದೆ ಎಂದು ಕೇಳುವುದು ಉಚಿತ.