‘ಯೂನಿಯನ್’ ಪದದ ಅರ್ಥವಿಚಾರ

ಆಂಗ್ಲಭಾಷೆಯ ‘ಯೂನಿಯನ್’ ಎಂಬ ಪದಕ್ಕೆ ಮೂಲವು ‘ಒಂದು’ ಎಂಬರ್ಥದ ಲ್ಯಾಟಿನ್ ಶಬ್ದ. ‘ಯೂನಿಟಿ’, ‘ಯೂನಿಫಿಕೇಷನ್’ ಎಂಬಿವೂ ಅದೇ ಬೇರಿನವು. ಒಡಹುಟ್ಟುಗಳಾದರೂ ಇವುಗಳ ನಡೆ ಬೇರೆ ಬೇರೆ. ‘ಯೂನಿಟಿ’ ಒಂದಾಗಿರುವ ಸ್ಥಿತಿ. ‘ಯೂನಿಫಿಕೇಷನ್’ ಒಂದುಗೂಡಿಸುವ ಕಾರ್ಯ. ‘ಯೂನಿಯನ್’ ಎಂಬುದಾದರೋ ಕೂಡುವಿಕೆಯನ್ನೂ ಕೂಡಿದವರ ಕೂಟವನ್ನೂ ಹೇಳುತ್ತದೆ. ನಿಘಂಟಿನಲ್ಲಿ ಮೊದಲು ಕಂಡ ‘ಐಕ್ಯ’ವನ್ನೇ ಎಲ್ಲೆಡೆಯೂ ಇಡುವ ವಿದ್ಯಾರ್ಥಿಯು ಎಡವುವುದು ಇಲ್ಲಿಯೇ. ಕಾರ್ಮಿಕರ ಯೂನಿಯನ್ನು ಸಂಘವೇ ಹೊರತು ಐಕ್ಯವಲ್ಲ.

ಕನ್ನಡದಲ್ಲಿ ಐಕ್ಯವೆಂದರೆ ಬೇರೆತನವುಳಿಯದಂತೆ ಬೆರೆಯುವುದು. ಷಟ್‌ಸ್ಥಲಗಳಲ್ಲಿ ಕಡೆಯದಕ್ಕೆ ಆ ಹೆಸರಿರುವುದು ಅದರಿಂದಲೇ. ಕಟ್ಟೆಮಳಲವಾಡಿಯ ಅಣೆಯನ್ನು ದಾಟಿ ಹರಿಯುವ ಲಕ್ಷ್ಮಣತೀರ್ಥವು ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿ ಇದು ಈ ಹೊಳೆಯ ನೀರು, ಅದು ಆ ಹೊಳೆಯ ನೀರು ಎಂದು ವಿಂಗಡಿಸಬಲ್ಲವರುಂಟೆ? ಅಣೆಯ ಕಲ್ಲುಗಳಾದರೋ ಒಂದನ್ನೊಂದು ಹಿಡಿದು ನಿಂತರೂ ಕಲ್ಲುಗಳಾಗಿಯೇ ಉಳಿಯುತ್ತವೆ. ಯೂನಿಯನ್ ಎಂಬ ಪದವು ಬಹುಮಟ್ಟಿಗೆ ಈ ಎರಡನೆಯ ಬಗೆಯದು.

ನಮ್ಮ ಸಂವಿಧಾನದ ಮೊದಲನೆಯ ಅನುಚ್ಛೇದವು ಭಾರತವನ್ನು ರಾಜ್ಯಗಳ ಯೂನಿಯನ್ ಎಂದು ಕರೆದಿದೆ. ಕನ್ನಡದಲ್ಲಿ ಅದು ‘ಒಕ್ಕೂಟ’. ‘ಫೆಡರೇಷನ್’ ಎನ್ನದೆ ಈ ಪದವನ್ನೇ ಆರಿಸಿದುದೇಕೆಂಬುದನ್ನು ಡಾ. ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ವಿವರಿಸಿದರು: ಇದು ರಾಜ್ಯಗಳು ತಮ್ಮತಮ್ಮೊಳಗೆ ಮಾಡಿಕೊಂಡ ಕರಾರಿನ ಫಲವಲ್ಲ, ಆದಕಾರಣ ಬಿಟ್ಟುಹೋಗುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲ. ರಾಜ್ಯಗಳುಂಟು, ಒಡೆಯುವಂತಿಲ್ಲ, ಎರಡನ್ನೂ ಒಂದೇ ಪದ ಹೊತ್ತಿದೆ.

ಇನ್ನು ‘ಯೂನಿಫಿಕೇಷನ್’. ಇದಕ್ಕೆ ಕನ್ನಡಿಗರಿಟ್ಟ ಹೆಸರು ‘ಏಕೀಕರಣ’. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡ ಸೀಮೆಗಳು 1956ರ ನವೆಂಬರ್ 1ರಂದು 19 ಜಿಲ್ಲೆಗಳ ಒಂದು ರಾಜ್ಯವಾದವು. ಕೂಡಿದರೆ ತಮ್ಮ ಸೀಮೆಯ ಹಣವೆಲ್ಲ ಹಿಂದುಳಿದ ಸೀಮೆಗಳಿಗೆ ಹರಿದುಹೋದೀತೆಂಬ ಅಂಜಿಕೆ ಹಳೆಯ ಮೈಸೂರಿನ ಹಲವರಲ್ಲಿತ್ತು. ಅತ್ತ ಉತ್ತರದವರಿಗೆ ಬೇರೊಂದು ಕೊರಗು. ಹೊಸ ರಾಜ್ಯಕ್ಕೂ ಮೈಸೂರೆಂಬ ಹೆಸರೇ ಉಳಿದುದರಿಂದ, ಇದು ಏಕೀಕರಣವೋ ಮೈಸೂರಿನೊಳಗೆ ವಿಲೀನವೋ ಎಂದು ಅವರು ಕೇಳುವಂತಾಯಿತು. ಪದದ ಮೇಲಣ ಜಗಳವೆಂದು ತಳ್ಳಿಹಾಕುವಂತಹುದಲ್ಲ ಇದು. ಹದಿನೇಳು ವರ್ಷ ನಡೆಯಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದಾಗ ಮುಖ್ಯಮಂತ್ರಿಗಳಾಗಿದ್ದವರು ಹುಣಸೂರು ಕ್ಷೇತ್ರದ ಪ್ರತಿನಿಧಿ ದೇವರಾಜ ಅರಸರು.

ವಿಚಿತ್ರವೆಂದರೆ, ಇಲ್ಲಿ ಕೊರಗಿಗೆ ಕಾರಣವಾದ ಪದವೇ ಕಾಸರಗೋಡಿನಲ್ಲಿ ಬೇಡಿಕೆಯಾಯಿತು. 1956ರಲ್ಲಿ ಕೇರಳಕ್ಕೆ ಸೇರಿಹೋದ ಆ ನಾಡಿನ ಕನ್ನಡಿಗರು ಕೇಳಿದುದು ಕರ್ನಾಟಕದೊಡನೆ ವಿಲೀನವನ್ನೇ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ, ನೂರು ವರ್ಷ ತುಂಬಿ ಕಣ್ಮುಚ್ಚುವವರೆಗೂ ಆ ಪದವನ್ನು ಬಿಡಲಿಲ್ಲ.