ಆದಾಯ ತೆರಿಗೆ ವಿವರಪತ್ರ: ಪದ್ಧತಿಯ ಆಯ್ಕೆ, ಕೊನೆಯ ದಿನಾಂಕ ಹಾಗೂ ಮರುಪಾವತಿ (ವೇತನದಾರರು ಮತ್ತು ಪಿಂಚಣಿದಾರರ ಮಾಹಿತಿಗಾಗಿ)

ಆದಾಯ ತೆರಿಗೆಯ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ನಾಗರಿಕರಲ್ಲಿ ವ್ಯಾಪಕವಾಗಿವೆ. ವೇತನದಿಂದ ತೆರಿಗೆ ಕಡಿತವಾಗಿರುವುದರಿಂದ ವಿವರಪತ್ರವನ್ನು (ರಿಟರ್ನ್) ಯಾವಾಗ ಸಲ್ಲಿಸಿದರೂ ನಡೆಯುತ್ತದೆ ಎಂಬುದು ಒಂದು. ತೆರಿಗೆಯೇ ಬಾರದಿರುವಾಗ ವಿವರಪತ್ರದ ಅಗತ್ಯವಿಲ್ಲ ಎಂಬುದು ಇನ್ನೊಂದು. ಮೊದಲನೆಯದರಿಂದ ವೇತನದಾರರು ಕಟ್ಟಬೇಕಾಗಿಲ್ಲದ ತೆರಿಗೆಯನ್ನು ಕಟ್ಟುತ್ತಾರೆ. ಎರಡನೆಯದರಿಂದ ಪಿಂಚಣಿದಾರರು ತಮಗೆ ಹಿಂದಿರುಗಬೇಕಾದ ಹಣವನ್ನು ಕಳೆದುಕೊಳ್ಳುತ್ತಾರೆ. ಇವೆರಡನ್ನೂ ಲೆಕ್ಕದ ಸಹಿತ ಇಲ್ಲಿ ವಿವರಿಸಲಾಗಿದೆ.

ಇಲ್ಲಿ ನೀಡಿರುವ ದರಗಳು ಹಾಗೂ ಮಿತಿಗಳು 2025-26ನೇ ಹಣಕಾಸು ವರ್ಷದಲ್ಲಿ, ಅಂದರೆ 1-4-2025ರಿಂದ 31-3-2026ರವರೆಗೆ ಗಳಿಸಿದ ಆದಾಯಕ್ಕೆ ಸಂಬಂಧಿಸಿದವು. ಈ ಆದಾಯಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯೇ ಅನ್ವಯಿಸುತ್ತದೆ. 1-4-2026ರಿಂದ ಗಳಿಸುವ ಆದಾಯಕ್ಕೆ 2025ರ ಹೊಸ ಕಾಯ್ದೆ ಅನ್ವಯವಾಗುವುದರಿಂದ ಪ್ರಕರಣಗಳ ಸಂಖ್ಯೆಗಳು ಬದಲಾಗಿವೆ. ಹಳೆಯ ಪುಸ್ತಕಗಳನ್ನು ನೋಡಿ ಅರ್ಜಿ ತುಂಬುವವರು ಇದನ್ನು ಗಮನಿಸತಕ್ಕದ್ದು.

ಎರಡು ಪದ್ಧತಿಗಳು

ತೆರಿಗೆದಾರರು ಬೇರೆ ಆಯ್ಕೆಯನ್ನು ತಿಳಿಸದಿದ್ದಲ್ಲಿ ಹೊಸ ತೆರಿಗೆ ಪದ್ಧತಿಯು ತಾನಾಗಿಯೇ ಅನ್ವಯಿಸುತ್ತದೆ. ಇದರಲ್ಲಿ ಮೊದಲ 4 ಲಕ್ಷ ರೂಪಾಯಿಗಳಿಗೆ ತೆರಿಗೆಯಿಲ್ಲ. ಅನಂತರದ ಪ್ರತಿ 4 ಲಕ್ಷಕ್ಕೆ ಅನುಕ್ರಮವಾಗಿ ಶೇಕಡಾ 5, 10, 15, 20 ಮತ್ತು 25ರಷ್ಟು ತೆರಿಗೆಯಿದ್ದು, 24 ಲಕ್ಷ ಮೀರಿದ ಆದಾಯಕ್ಕೆ ಶೇಕಡಾ 30ರ ದರವಿರುತ್ತದೆ. ವೇತನದಾರರಿಗೂ ಪಿಂಚಣಿದಾರರಿಗೂ 75,000 ರೂಪಾಯಿಗಳ ಪ್ರಮಾಣಿತ ಕಡಿತ ದೊರೆಯುತ್ತದೆ. ಕಡಿತದ ನಂತರದ ಆದಾಯವು 12 ಲಕ್ಷವನ್ನು ಮೀರದಿದ್ದರೆ 60,000 ರೂಪಾಯಿಗಳವರೆಗಿನ ರಿಯಾಯಿತಿಯಿಂದಾಗಿ ತೆರಿಗೆಯು ಶೂನ್ಯವಾಗುತ್ತದೆ. ಆದಾಯವು ಈ ಮಿತಿಯನ್ನು ಅಲ್ಪ ಪ್ರಮಾಣದಲ್ಲಿ ಮೀರಿದವರೂ ಆತಂಕಪಡಬೇಕಾಗಿಲ್ಲ. 12,10,000 ರೂಪಾಯಿ ಆದಾಯಕ್ಕೆ ದರದ ಪ್ರಕಾರ 61,500 ರೂಪಾಯಿ ತೆರಿಗೆ ಬಂದರೂ, ಅದನ್ನು ಮಿತಿ ಮೀರಿದ 10,000 ರೂಪಾಯಿಗಳಿಗೇ ಸೀಮಿತಗೊಳಿಸಲಾಗುತ್ತದೆ. ಆದರೆ ಷೇರು ಮಾರಾಟದ ಲಾಭದಂತಹ, ವಿಶೇಷ ದರದಲ್ಲಿ ತೆರಿಗೆ ಬೀಳುವ ಆದಾಯಕ್ಕೆ ಈ ರಿಯಾಯಿತಿ ಇರುವುದಿಲ್ಲ. ಒಟ್ಟು ಆದಾಯ 12 ಲಕ್ಷದೊಳಗಿದ್ದರೂ ಅಂತಹ ಲಾಭದ ಮೇಲೆ ತೆರಿಗೆ ಬರಬಹುದು.

ಹಳೆಯ ಪದ್ಧತಿಯಲ್ಲಿ ವಿನಾಯಿತಿಯ ಮಿತಿ 2.5 ಲಕ್ಷ ರೂಪಾಯಿ. 60 ವರ್ಷ ತುಂಬಿದವರಿಗೆ 3 ಲಕ್ಷ, 80 ವರ್ಷ ತುಂಬಿದವರಿಗೆ 5 ಲಕ್ಷ. ಅಲ್ಲಿಂದ 5 ಲಕ್ಷದವರೆಗೆ ಶೇಕಡಾ 5, 10 ಲಕ್ಷದವರೆಗೆ ಶೇಕಡಾ 20, ಅದಕ್ಕೂ ಮೇಲ್ಪಟ್ಟು ಶೇಕಡಾ 30. ಪ್ರಮಾಣಿತ ಕಡಿತ 50,000 ರೂಪಾಯಿ. ಭವಿಷ್ಯ ನಿಧಿ, ಜೀವ ವಿಮೆ, ಮಕ್ಕಳ ಬೋಧನಾ ಶುಲ್ಕ ಮೊದಲಾದವುಗಳಿಗೆ 80-ಸಿ ಪ್ರಕರಣದಡಿ 1.5 ಲಕ್ಷದವರೆಗಿನ ಕಡಿತ, ಆರೋಗ್ಯ ವಿಮೆಯ ಕಂತು, ಸ್ವಂತ ವಾಸದ ಮನೆಯ ಸಾಲದ ಬಡ್ಡಿ, ಮನೆ ಬಾಡಿಗೆ ಭತ್ಯೆಯ ವಿನಾಯಿತಿ, ಕರ್ನಾಟಕದಲ್ಲಿ ವರ್ಷಕ್ಕೆ 2,500 ರೂಪಾಯಿಗಳಾಗುವ ವೃತ್ತಿ ತೆರಿಗೆ, ಇವೆಲ್ಲವೂ ಈ ಪದ್ಧತಿಯಲ್ಲಿ ಮಾತ್ರ ದೊರೆಯುತ್ತವೆ. ಎರಡೂ ಪದ್ಧತಿಗಳಲ್ಲಿ ತೆರಿಗೆಯ ಮೇಲೆ ಶೇಕಡಾ 4ರ ಉಪಕರ ಸೇರುತ್ತದೆ.

ಯಾವುದು ಲಾಭಕರ?

ಇದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಪ್ರತಿ ವರ್ಷವೂ ಲೆಕ್ಕ ಹಾಕಿಯೇ ತಿಳಿಯತಕ್ಕದ್ದು. ಉದಾಹರಣೆಗೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ, ವಾರ್ಷಿಕ 15 ಲಕ್ಷ ರೂಪಾಯಿ ವೇತನದ ಉದ್ಯೋಗಿಯೊಬ್ಬರನ್ನು ತೆಗೆದುಕೊಳ್ಳೋಣ. ಹೊಸ ಪದ್ಧತಿಯಲ್ಲಿ ಪ್ರಮಾಣಿತ ಕಡಿತದ ನಂತರ 14,25,000 ರೂಪಾಯಿ ಉಳಿಯುತ್ತದೆ. ಇದಕ್ಕೆ ತೆರಿಗೆ 93,750. ಉಪಕರ ಸೇರಿ 97,500 ರೂಪಾಯಿ.

ಇವರು 80-ಸಿ ಅಡಿಯಲ್ಲಿ 1.5 ಲಕ್ಷ, ಗೃಹಸಾಲದ ಬಡ್ಡಿ 2 ಲಕ್ಷ, ರಾಷ್ಟ್ರೀಯ ಪಿಂಚಣಿ ಯೋಜನೆಗೆ ಹೆಚ್ಚುವರಿಯಾಗಿ 50,000, ಆರೋಗ್ಯ ವಿಮೆಗೆ 25,000 ರೂಪಾಯಿ ತೋರಿಸುತ್ತಾರೆ ಎಂದುಕೊಳ್ಳೋಣ. ಹಳೆಯ ಪದ್ಧತಿಯಲ್ಲಿ ಈ 4,25,000 ರೂಪಾಯಿಗಳೊಂದಿಗೆ ಪ್ರಮಾಣಿತ ಕಡಿತ ಹಾಗೂ ವೃತ್ತಿ ತೆರಿಗೆಯನ್ನೂ ಕಳೆದರೆ 10,22,500 ರೂಪಾಯಿ ಉಳಿಯುತ್ತದೆ. ತೆರಿಗೆ ಉಪಕರ ಸೇರಿ 1,24,020 ರೂಪಾಯಿ. ಅಂದರೆ ಇಷ್ಟೆಲ್ಲ ಉಳಿತಾಯ ಮಾಡಿದ ನಂತರವೂ ಹೊಸ ಪದ್ಧತಿಯೇ 26,520 ರೂಪಾಯಿಗಳಷ್ಟು ಅಗ್ಗ. ಕೇವಲ ತೆರಿಗೆ ಉಳಿಸುವ ಸಲುವಾಗಿ ಮಾರ್ಚ್ ತಿಂಗಳ ಕೊನೆಯಲ್ಲಿ ಅವಸರದಿಂದ ವಿಮಾ ಪಾಲಿಸಿ ಕೊಳ್ಳುವವರು ಈ ಲೆಕ್ಕವನ್ನು ಮೊದಲು ನೋಡುವುದು ಒಳ್ಳೆಯದು. ಹೊಸ ಪದ್ಧತಿಯಲ್ಲಿರುವವರಿಗೆ ಆ ಪಾಲಿಸಿಯಿಂದ ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಈಗ ಇದೇ ಉದ್ಯೋಗಿಯ ಸ್ವಂತ ಮನೆಯು ದಾವಣಗೆರೆಯಲ್ಲಿದ್ದು, ಅವರು ಬೆಂಗಳೂರಿನಲ್ಲಿ ತಿಂಗಳಿಗೆ 21,000 ರೂಪಾಯಿ ಬಾಡಿಗೆ ಕೊಟ್ಟು ವಾಸವಾಗಿದ್ದಾರೆ ಎಂದು ಭಾವಿಸೋಣ. ಮೂಲ ವೇತನ ತಿಂಗಳಿಗೆ 60,000, ಬಾಡಿಗೆ ಭತ್ಯೆ 24,000. ಭತ್ಯೆಯ ವಿನಾಯಿತಿಗೆ ಮೂರು ಮೊತ್ತಗಳನ್ನು ಹೋಲಿಸಬೇಕು: ವಾಸ್ತವವಾಗಿ ಪಡೆದ ಭತ್ಯೆ 2,88,000, ಕೊಟ್ಟ ಬಾಡಿಗೆಯಲ್ಲಿ ಮೂಲ ವೇತನದ ಶೇಕಡಾ 10ನ್ನು ಕಳೆದಾಗ ಉಳಿಯುವ 1,80,000, ಮೂಲ ವೇತನದ ಶೇಕಡಾ 40, ಅಂದರೆ 2,88,000. ಇವುಗಳಲ್ಲಿ ಅತಿ ಕಡಿಮೆಯಾದ 1,80,000 ರೂಪಾಯಿಗೆ ವಿನಾಯಿತಿ ದೊರೆಯುತ್ತದೆ. (ಶೇಕಡಾ 50ರ ಅನುಕೂಲವು ಈ ವರ್ಷದ ಆದಾಯಕ್ಕೆ ದೆಹಲಿ, ಮುಂಬಯಿ, ಕೋಲ್ಕತ್ತ ಮತ್ತು ಚೆನ್ನೈ ನಗರಗಳಿಗೆ ಮಾತ್ರ. ಬೆಂಗಳೂರಿನ ಬಾಡಿಗೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಬಹುದು. ಆದರೂ 2025-26ಕ್ಕೆ ನಿಯಮ ಇದೇ.) ಆಗ ಹಳೆಯ ಪದ್ಧತಿಯ ಆದಾಯ 8,42,500ಕ್ಕೆ ಇಳಿದು, ತೆರಿಗೆ 84,240 ರೂಪಾಯಿ ಆಗುತ್ತದೆ. ಹೊಸ ಪದ್ಧತಿಗಿಂತ ಇದು 13,260 ರೂಪಾಯಿ ಕಡಿಮೆ. ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ಮೀರಿದಲ್ಲಿ ಮನೆ ಮಾಲೀಕರ ಪ್ಯಾನ್ ಸಂಖ್ಯೆಯನ್ನು ಉದ್ಯೋಗದಾತರಿಗೆ ಒದಗಿಸಬೇಕು.

ಗೃಹಸಾಲ ಮತ್ತು ಬಾಡಿಗೆ ಭತ್ಯೆ ಎರಡೂ ಇರುವವರು, ಅಥವಾ ದೊಡ್ಡ ಮೊತ್ತದ ಬಾಡಿಗೆ ಕೊಡುವವರು ಹಳೆಯ ಪದ್ಧತಿಯನ್ನು ತಪ್ಪದೇ ಲೆಕ್ಕ ಹಾಕಿ ನೋಡಬೇಕು. ಉಳಿದ ಬಹುಪಾಲು ವೇತನದಾರರಿಗೆ ಹೊಸ ಪದ್ಧತಿಯೇ ಅನುಕೂಲಕರವಾಗಿ ಕಂಡುಬರುತ್ತದೆ. ಉದ್ಯೋಗದಾತರು ಪಿಂಚಣಿ ಯೋಜನೆಗೆ ಸಲ್ಲಿಸುವ ವಂತಿಗೆಗೆ ಹೊಸ ಪದ್ಧತಿಯಲ್ಲಿಯೂ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 14ರವರೆಗೆ ಕಡಿತವಿದೆ.

ಕೊನೆಯ ದಿನಾಂಕದ ಮಹತ್ವ

ವರ್ಷದ ಆರಂಭದಲ್ಲಿ ಕಚೇರಿಗೆ ಯಾವ ಪದ್ಧತಿಯನ್ನು ತಿಳಿಸಿದ್ದರೂ, ವ್ಯಾಪಾರದ ಆದಾಯವಿಲ್ಲದವರು ವಿವರಪತ್ರ ಸಲ್ಲಿಸುವಾಗ ಅದನ್ನು ಬದಲಿಸಬಹುದು. ಇದಕ್ಕೆ ಬೇರೆ ನಮೂನೆಯ ಅಗತ್ಯವಿಲ್ಲ. (ವ್ಯಾಪಾರ ಅಥವಾ ವೃತ್ತಿಯ ಆದಾಯವಿರುವವರು 10-ಐಇಎ ನಮೂನೆಯನ್ನು ಸಲ್ಲಿಸಬೇಕು, ಅವರಿಗೆ ಪದ್ಧತಿಯನ್ನು ವರ್ಷ ವರ್ಷವೂ ಬದಲಿಸುವ ಸ್ವಾತಂತ್ರ್ಯವಿಲ್ಲ.) ಆದರೆ ಹಳೆಯ ಪದ್ಧತಿಯ ಆಯ್ಕೆಯು ನಿಗದಿತ ದಿನಾಂಕದೊಳಗೆ ಸಲ್ಲಿಸಿದ ವಿವರಪತ್ರದಲ್ಲಿ ಮಾತ್ರ ಮಾನ್ಯವಾಗುತ್ತದೆ. ವೇತನದಾರರಿಗೆ ಹಾಗೂ ಪಿಂಚಣಿದಾರರಿಗೆ ಆ ದಿನಾಂಕ ಜುಲೈ 31. ಅನಂತರ ಡಿಸೆಂಬರ್ 31ರವರೆಗೆ ವಿಳಂಬಿತ ವಿವರಪತ್ರಕ್ಕೆ ಅವಕಾಶವಿದ್ದರೂ, ಅದು ಹೊಸ ಪದ್ಧತಿಯಲ್ಲಿಯೇ ಇರಬೇಕು.

ಮೇಲಿನ ಉದಾಹರಣೆಯ ಉದ್ಯೋಗಿಗೆ ಇದರಿಂದಾಗುವ ನಷ್ಟವನ್ನು ನೋಡಿ. ಕಚೇರಿಯು ಹಳೆಯ ಪದ್ಧತಿಯಂತೆ 84,240 ರೂಪಾಯಿಗಳನ್ನು ಕಡಿತಗೊಳಿಸಿ ಕಟ್ಟಿದೆ. ಅವರು ಆಗಸ್ಟ್ ತಿಂಗಳಲ್ಲಿ ವಿವರಪತ್ರ ಸಲ್ಲಿಸಿದರೆ ತೆರಿಗೆಯು 97,500 ಆಗುತ್ತದೆ. ವ್ಯತ್ಯಾಸದ 13,260, ಅದರ ಮೇಲಿನ ಬಡ್ಡಿ, ಜೊತೆಗೆ 5,000 ರೂಪಾಯಿ ವಿಳಂಬ ಶುಲ್ಕ (ಆದಾಯವು 5 ಲಕ್ಷ ಮೀರದವರಿಗೆ ಈ ಶುಲ್ಕ 1,000) ಕೈಯಿಂದ ಹೋಗುತ್ತವೆ. ಬಾಡಿಗೆ ರಸೀದಿ, ಸಾಲದ ಪ್ರಮಾಣಪತ್ರ ಎಲ್ಲವೂ ಸರಿಯಾಗಿದ್ದರೂ ಪ್ರಯೋಜನವಿಲ್ಲ. 2025ರಲ್ಲಿ ಕೊನೆಯ ದಿನಾಂಕವನ್ನು ಸೆಪ್ಟೆಂಬರ್ 16ರವರೆಗೆ ವಿಸ್ತರಿಸಲಾಗಿತ್ತು ನಿಜ. ಪ್ರತಿ ವರ್ಷವೂ ವಿಸ್ತರಣೆಯಾಗುತ್ತದೆಂದು ನಂಬಿ ಕುಳಿತುಕೊಳ್ಳತಕ್ಕದ್ದಲ್ಲ.

ಪಿಂಚಣಿದಾರರು ಮತ್ತು ಠೇವಣಿದಾರರು

66 ವರ್ಷ ವಯಸ್ಸಿನವರೊಬ್ಬರಿಗೆ ವರ್ಷಕ್ಕೆ 4,80,000 ರೂಪಾಯಿ ಪಿಂಚಣಿ, ಒಂದೇ ಬ್ಯಾಂಕಿನ ನಿಶ್ಚಿತ ಠೇವಣಿಯಿಂದ 3,00,000 ರೂಪಾಯಿ ಬಡ್ಡಿ ಬರುತ್ತದೆ ಎಂದುಕೊಳ್ಳೋಣ. ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನಿಂದ ಬರುವ ಬಡ್ಡಿಯು ವರ್ಷದಲ್ಲಿ 1 ಲಕ್ಷ (ಇತರರಿಗೆ 50,000) ರೂಪಾಯಿ ಮೀರಿದಾಗ ಬ್ಯಾಂಕು ಶೇಕಡಾ 10ರಂತೆ ಮೂಲದಲ್ಲಿಯೇ ತೆರಿಗೆ ಕಡಿತಗೊಳಿಸುತ್ತದೆ. ಹೀಗೆ 30,000 ರೂಪಾಯಿ ಕಡಿತವಾಗಿದೆ. ಆದರೆ ಪ್ರಮಾಣಿತ ಕಡಿತದ ನಂತರ ಇವರ ಆದಾಯ 7,05,000. ಹೊಸ ಪದ್ಧತಿಯ ರಿಯಾಯಿತಿಯಿಂದ ತೆರಿಗೆ ಶೂನ್ಯ. 30,000 ರೂಪಾಯಿಯೂ ಅವರದೇ ಹಣ. ಅದು ವಿವರಪತ್ರ ಸಲ್ಲಿಸಿದರೆ ಮಾತ್ರ ಹಿಂದಿರುಗುತ್ತದೆ, ತಾನಾಗಿ ಬರುವುದಿಲ್ಲ.

ಇಷ್ಟೇ ಅಲ್ಲದೆ, ಇಂತಹವರಿಗೆ ವಿವರಪತ್ರವು ಐಚ್ಛಿಕವೂ ಅಲ್ಲ. ಒಟ್ಟು ಆದಾಯವು 4 ಲಕ್ಷದ ಮೂಲ ಮಿತಿಯನ್ನು ಮೀರಿದರೆ, ರಿಯಾಯಿತಿಯಿಂದ ತೆರಿಗೆ ಶೂನ್ಯವಾದರೂ, ವಿವರಪತ್ರ ಸಲ್ಲಿಸುವುದು ಕಡ್ಡಾಯ. ತಡವಾದಲ್ಲಿ ವಿಳಂಬ ಶುಲ್ಕವು ಮರುಪಾವತಿಯ ಹಣದಿಂದಲೇ ಕಳೆಯುತ್ತದೆ. ಡಿಸೆಂಬರ್ 31 ಕೂಡ ಕಳೆದುಹೋದರೆ ವಿಳಂಬವನ್ನು ಮನ್ನಿಸುವಂತೆ ಕಾರಣ ಸಹಿತ ಅರ್ಜಿ ಸಲ್ಲಿಸುವ ದಾರಿಯಿದ್ದು, ಮಂಜೂರು ಮಾಡುವುದು ಅಧಿಕಾರಿಗಳ ವಿವೇಚನೆಗೆ ಸೇರಿದ್ದು. 75 ವರ್ಷ ತುಂಬಿದ, ಪಿಂಚಣಿ ಹಾಗೂ ಅದೇ ಬ್ಯಾಂಕಿನ ಬಡ್ಡಿಯ ಹೊರತು ಬೇರೆ ಆದಾಯವಿಲ್ಲದವರು ನಿರ್ದಿಷ್ಟ ಬ್ಯಾಂಕಿಗೆ ಘೋಷಣೆ ನೀಡಿ ವಿವರಪತ್ರದಿಂದ ವಿನಾಯಿತಿ ಪಡೆಯಬಹುದು.

ಮುಂದಿನ ವರ್ಷದಿಂದ ಕಡಿತವೇ ಆಗದಂತೆ ನೋಡಿಕೊಳ್ಳುವ ಉಪಾಯವೂ ಇದೆ. ತೆರಿಗೆ ಶೂನ್ಯವಾಗುವ ಹಿರಿಯ ನಾಗರಿಕರು ಏಪ್ರಿಲ್ ತಿಂಗಳಲ್ಲಿಯೇ ಪ್ರತಿಯೊಂದು ಬ್ಯಾಂಕಿಗೂ ಪ್ರತ್ಯೇಕವಾಗಿ, 15-ಎಚ್ ಎಂದು ಪರಿಚಿತವಾಗಿದ್ದ ಘೋಷಣೆಯನ್ನು ಆಯಾ ವರ್ಷದ ನಮೂನೆಯಲ್ಲಿ ನೀಡತಕ್ಕದ್ದು. ಒಮ್ಮೆ ಕೊಟ್ಟ ಘೋಷಣೆ ಮುಂದಿನ ವರ್ಷಕ್ಕೆ ನಡೆಯುವುದಿಲ್ಲ. ಪ್ಯಾನ್ ಸಂಖ್ಯೆಯು ಆಧಾರ್‌ನೊಂದಿಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಬಡ್ಡಿಯ ಮೇಲೆ ಶೇಕಡಾ 20ರ ದರದಲ್ಲಿ ಕಡಿತವಾಗುತ್ತದೆ, ಮರುಪಾವತಿಯೂ ದೊರೆಯುವುದಿಲ್ಲ.

ಸಲ್ಲಿಸುವ ಮೊದಲು

ಉದ್ಯೋಗದಾತರು ಜೂನ್ 15ರೊಳಗೆ ಕೊಡಬೇಕಾದ ನಮೂನೆ 16ನ್ನು, ಇಲಾಖೆಯ ಜಾಲತಾಣದಲ್ಲಿ ದೊರೆಯುವ 26-ಎಎಸ್ ಮತ್ತು ವಾರ್ಷಿಕ ಮಾಹಿತಿ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ಉಳಿತಾಯ ಖಾತೆಯ ಬಡ್ಡಿ, ಲಾಭಾಂಶ ಮೊದಲಾದ ಸಣ್ಣ ಮೊತ್ತಗಳೂ ಆ ಪಟ್ಟಿಯಲ್ಲಿರುತ್ತವೆ. ವರ್ಷದ ಮಧ್ಯೆ ಉದ್ಯೋಗ ಬದಲಿಸಿದವರು ವಿಶೇಷ ಗಮನ ನೀಡತಕ್ಕದ್ದು: ಹಳೆಯ ಕಚೇರಿಯ ವೇತನವನ್ನು ಹೊಸ ಕಚೇರಿಗೆ ತಿಳಿಸದಿದ್ದರೆ ಎರಡೂ ಕಡೆ ಮೂಲ ವಿನಾಯಿತಿ ಲೆಕ್ಕಕ್ಕೆ ಬಂದು, ಕೊನೆಯಲ್ಲಿ ಬಡ್ಡಿ ಸಹಿತ ತೆರಿಗೆ ಕಟ್ಟಬೇಕಾಗುತ್ತದೆ.

ಹೆಚ್ಚಿನ ಮರುಪಾವತಿ ಕೊಡಿಸುವುದಾಗಿ ಹೇಳಿ ಅದರಲ್ಲಿ ಪಾಲು ಕೇಳುವ ಮಧ್ಯವರ್ತಿಗಳಿಂದ ದೂರವಿರಬೇಕು. ಕೊಡದ ಬಾಡಿಗೆ, ನೀಡದ ದೇಣಿಗೆ ತೋರಿಸಿದ ವಿವರಪತ್ರಗಳಿಗೆ ಸಂಬಂಧಿಸಿದಂತೆ ಇಲಾಖೆಯು 2025ರ ಜುಲೈ ತಿಂಗಳಲ್ಲಿ ದೇಶದ 150 ಸ್ಥಳಗಳಲ್ಲಿ ಪರಿಶೀಲನೆ ನಡೆಸಿತು. ತಪ್ಪು ಮಾಹಿತಿಯಿಂದ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ವಿಧಿಸಲು ಅವಕಾಶವಿದ್ದು, ಅದನ್ನು ಕಟ್ಟಬೇಕಾದವರು ತೆರಿಗೆದಾರರೇ ಹೊರತು ಮಧ್ಯವರ್ತಿಯಲ್ಲ.

ವಿವರಪತ್ರವನ್ನು ಸಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 30 ದಿನಗಳೊಳಗೆ ಆಧಾರ್ ಒಟಿಪಿ ಅಥವಾ ಬ್ಯಾಂಕ್ ಖಾತೆಯ ಮೂಲಕ ದೃಢೀಕರಿಸಬೇಕು. ಮೊಬೈಲ್ ಸಂಖ್ಯೆಯು ಆಧಾರ್‌ಗೆ ಜೋಡಣೆಯಾಗಿಲ್ಲದವರು ಸ್ವೀಕೃತಿಯ ಮುದ್ರಿತ ಪ್ರತಿಗೆ ಸಹಿ ಮಾಡಿ, ಅದೇ 30 ದಿನಗಳೊಳಗೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಬಹುದು. ಈ ಅವಧಿ ಮೀರಿ ದೃಢೀಕರಿಸಿದರೆ, ದೃಢೀಕರಿಸಿದ ದಿನವನ್ನೇ ವಿವರಪತ್ರ ಸಲ್ಲಿಸಿದ ದಿನವೆಂದು ಪರಿಗಣಿಸಲಾಗುತ್ತದೆ. ಜುಲೈ ತಿಂಗಳಲ್ಲಿ ಸಲ್ಲಿಸಿದ್ದೂ ಆಗ ವಿಳಂಬಿತ ವಿವರಪತ್ರವೇ ಆಗುತ್ತದೆ.